ತುಕ್ಕಿನ ಮೇಲಿನ ತೇಪೆ

ಅಡಿಕೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಮಲೆನಾಡಿನ ಕೃಷಿಕರು ಪ್ರಯೋಗಾಲಯಕ್ಕೆ ಹೋಗುವುದಿಲ್ಲ. ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ; ಇನ್ನಷ್ಟು ಸುಣ್ಣದ ತಿಳಿ ಸೇರುತ್ತದೆ. ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದ ಕಾಲದಿಂದ ಈ ಔಷಧಿ ಮಲೆನಾಡಿನ ತೋಟಗಳ ಸಂಗಾತಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಅಕ್ಷರ ಬಾರದವರಿಗೂ ಗೊತ್ತು. ಆದರೆ ಕತ್ತಿಯ ಪರೀಕ್ಷೆಯ ಇನ್ನೊಂದು ಮುಖವನ್ನು ಗಮನಿಸಿದವರು ಕಡಿಮೆ. ಅಲಗಿನ ಮೇಲೆ ತಾಮ್ರ ಕೂರುವಾಗ ಅದಕ್ಕೆ ಪ್ರತಿಯಾಗಿ ಅಲಗಿನ ಕಬ್ಬಿಣ ಕರಗಿ ದ್ರಾವಣಕ್ಕೆ ಸೇರಿರುತ್ತದೆ.

ಇದೇ ರಾಸಾಯನಿಕ ಕ್ರಿಯೆ ಯಾರೂ ಬಗ್ಗಿ ನೋಡದ ಇನ್ನೊಂದು ಜಾಗದಲ್ಲೂ ನಡೆಯುತ್ತಿರುತ್ತದೆ. ಅದು ಮೈಲುತುತ್ತದ ಚೀಲಗಳನ್ನು ಪೇಟೆಯಿಂದ ತೋಟಕ್ಕೆ ತರುವ ಹಳೆಯ ಲಾರಿಯ ಅಡಿಭಾಗ. ಹರಿದ ಚೀಲದಿಂದ ಉದುರಿದ ನೀಲಿ ಹರಳು ಬಾಡಿಯ ಹಲಗೆಗಳ ಸಂದಿಯಲ್ಲಿ ಕೂರುತ್ತದೆ. ಮೊದಲ ಮಳೆಗೆ ಕರಗಿ ಚಾಸಿಯ ಮೇಲೆ ಇಳಿಯುತ್ತದೆ. ಅದರ ಬೆನ್ನಿಗೇ ಪೊಟ್ಯಾಷ್ ಬರುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದು ಮಾರಾಟವಾಗುವ ಗೊಬ್ಬರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಲೋರೈಡ್ ಇದೆ. ಅಡಿಗೆ ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆಯೋ ಅದನ್ನೇ ಇದೂ ಮಾಡುತ್ತದೆ. ಯೂರಿಯಾ ಗಾಳಿಯ ತೇವವನ್ನು ಹೀರಿ ಒಸರುತ್ತದೆ. ಕೊಟ್ಟಿಗೆ ಗೊಬ್ಬರ ತನ್ನ ತೇವ, ಅಮೋನಿಯ, ಲವಣಗಳನ್ನೆಲ್ಲ ಹೊತ್ತೇ ಬರುತ್ತದೆ. ಇವೆಲ್ಲದರ ಮೇಲೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಲಾರಿಯ ಅಡಿಭಾಗ ಪೂರ್ತಿ ಒಣಗುವುದೆಂಬುದೇ ಇಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ವಾಹನಕ್ಕೆ ಉಪ್ಪು ಕೆಳಗಿನಿಂದ ತಗಲುತ್ತದೆ. ಮಲೆನಾಡಿನ ಲಾರಿಗೆ ಅದು ಮೇಲಿನಿಂದ, ತಾನೇ ಹೊತ್ತ ಸರಕಿನಿಂದ ಇಳಿಯುತ್ತದೆ.

ಪರಿಸರದ ಪತ್ರಿಕೆಗೂ ಲಾರಿಯ ಬಿಡಿಭಾಗಕ್ಕೂ ಎತ್ತಣಿಂದೆತ್ತಣ ಸಂಬಂಧವೆಂದು ಕೆಲವು ಓದುಗರು ಹುಬ್ಬೇರಿಸಬಹುದು. ಹಳೆಯದನ್ನು ದುರಸ್ತಿ ಮಾಡಿ ಬಾಳಿಸಬೇಕು, ಕೊಳ್ಳುಬಾಕ ಸಂಸ್ಕೃತಿಗೆ ಬಲಿಯಾಗಬಾರದು ಎಂಬುದು ಪರಿಸರ ಚಳವಳಿಗಳು ದಶಕಗಳಿಂದ ಆಡುತ್ತ ಬಂದ ಮಾತು. ಆ ಮಾತಿನ ಸತ್ಯಾಸತ್ಯತೆ ಭಾಷಣದಲ್ಲಿ ತೀರ್ಮಾನವಾಗುವಂಥದ್ದಲ್ಲ. ಹದಿನೈದು, ಇಪ್ಪತ್ತು ಮಳೆಗಾಲ ಕಂಡ ಲಾರಿಯ ಅಡಿಯಲ್ಲಿ, ಪಾಟಾ ಚಾಸಿಗೆ ಸೇರುವ ಅಂಗೈಯಗಲದ ಜಾಗದಲ್ಲಿ ಅದು ತೀರ್ಮಾನವಾಗುತ್ತದೆ.

ಲಾರಿಯ ಭಾರವೆಲ್ಲ ಆಕ್ಸಲ್ ಮೇಲೆ ಕೂರುವುದು ಪಾಟಾಗಳ ಮೂಲಕ. ಬಾಗಿದ ಉಕ್ಕಿನ ಪಟ್ಟಿಗಳ ಈ ಕಟ್ಟಿನ ಒಂದು ತುದಿಯನ್ನು ಹ್ಯಾಂಗರ್ ಬ್ರಾಕೆಟ್ ಎಂಬ ಉಕ್ಕಿನ ತುಂಡು ಚಾಸಿಗೆ ಹಿಡಿದಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುಕೊಂಡಿಯ ಮೂಲಕ ಮತ್ತೊಂದು ಬ್ರಾಕೆಟ್ಟಿಗೆ ಸೇರುತ್ತದೆ. ಪಾಟಾ ಚಪ್ಪಟೆಯಾದಾಗ ಉದ್ದವಾಗುತ್ತದೆ; ಆ ಉದ್ದಕ್ಕೆ ಶ್ಯಾಕಲ್ ಜಾಗ ಕೊಡುತ್ತದೆ. ಶ್ಯಾಕಲ್ ಇಲ್ಲದ ತುದಿಯ ಬ್ರಾಕೆಟ್ಟಿನದು ಎರಡು ಕೆಲಸ. ಅದು ಭಾರವನ್ನು ಹೊರುವುದಲ್ಲದೆ ಆಕ್ಸಲ್ ಹಿಂದೆ ಮುಂದೆ ಸರಿಯದಂತೆಯೂ ತಡೆದಿರುತ್ತದೆ. ಬ್ರೇಕ್ ಒತ್ತಿದಾಗ ಆ ಬದಿಯ ಚಕ್ರದ ಎಳೆತ ಈ ತುಂಡಿನ ಮೂಲಕ ಚಾಸಿಗೆ ದಾಟಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲೊಂದರಲ್ಲಿ ಅದು ಕಿತ್ತುಬಂದರೆ ಆಕ್ಸಲ್ ಓರೆಯಾಗುತ್ತದೆ, ಲಾರಿ ತನಗೆ ಬೇಕಾದ ಕಡೆ ಹೋಗುತ್ತದೆ. ಆ ಗಳಿಗೆಯಲ್ಲಿ ಚಾಲಕನ ಅನುಭವ ಎಷ್ಟು ವರ್ಷದ್ದೆಂಬುದು ಲೆಕ್ಕಕ್ಕೆ ಬರುವುದಿಲ್ಲ.

ಕಾರ್ಖಾನೆಯಿಂದ ಹೊರಡುವಾಗ ಬಹುತೇಕ ಲಾರಿಗಳಲ್ಲಿ ಈ ಬ್ರಾಕೆಟ್ಟನ್ನು ರಿವೆಟ್ ಇಲ್ಲವೇ ಬೋಲ್ಟ್ ಹಾಕಿ ಕೂಡಿಸಿರುತ್ತಾರೆ. ಜೀಪು, ಪಿಕಪ್‌ಗಳಂಥ ಸಣ್ಣ ವಾಹನಗಳಲ್ಲಿ ವೆಲ್ಡ್ ಮಾಡಿರುವುದೂ ಉಂಟು. ಲಾರಿಗೆ ರಿವೆಟ್ ಆರಿಸಿಕೊಂಡದ್ದರ ಹಿಂದೆ ಕಾರಣವಿದೆ. ಚಾಸಿಯೆಂಬುದು ಅಲ್ಲಾಡದೆ ನಿಂತ ಕಟ್ಟಡವಲ್ಲ. ಹೊಂಡ ಬಿದ್ದ ರಸ್ತೆಯಲ್ಲಿ ಅದು ಬಳುಕುತ್ತದೆ, ತಿರುಚಿಕೊಳ್ಳುತ್ತದೆ. ಸಾವಿರಾರು ಸಲ ಬಳುಕುವ ಉಕ್ಕಿನಲ್ಲಿ ವೆಲ್ಡಿಂಗಿನ ಅಂಚು ದುರ್ಬಲ ಜಾಗ. ಅಲ್ಲಿ ಉಕ್ಕು ಒಮ್ಮೆ ಕಾದು ಬೇಗನೆ ತಣಿದು ತನ್ನ ಗುಣ ಬದಲಿಸಿಕೊಂಡಿರುತ್ತದೆ. ಬಲವೆಲ್ಲ ಅದೇ ಗೆರೆಯ ಮೇಲೆ ಒಟ್ಟಾಗುತ್ತದೆ. ಬಿರುಕು ಹುಟ್ಟುವುದು ಅಲ್ಲಿಯೇ.

ಹಾಗಿದ್ದರೂ ಹಳೆಯ ಲಾರಿಗಳ ಬ್ರಾಕೆಟ್ಟಿನ ಸುತ್ತ ವೆಲ್ಡಿಂಗ್ ಬಂದುದು ಹೇಗೆ? ಬ್ರಾಕೆಟ್ಟಿಗೂ ಚಾಸಿಗೂ ನಡುವೆ ಕೂದಲೆಳೆಯಷ್ಟು ಸಂದಿಯಿರುತ್ತದೆ. ಕೆಂಪುಮಣ್ಣಿನ ರಾಡಿ, ಗೊಬ್ಬರದ ನೀರು ಅಲ್ಲಿ ಸೇರಿದರೆ ಹೊರಬರುವ ದಾರಿಯಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ. ಸಂದಿಯಲ್ಲಿ ಹುಟ್ಟಿದ ತುಕ್ಕು ಎರಡು ಉಕ್ಕಿನ ತಗಡುಗಳನ್ನು ಬೆಣೆ ಹೊಡೆದಂತೆ ಅಗಲಿಸುತ್ತದೆ. ಬಂಡೆಯ ಬಿರುಕಿನಲ್ಲಿ ಅತ್ತಿಯ ಬೇರು ಮಾಡುವ ಕೆಲಸವನ್ನು ನೋಡಿದವರಿಗೆ ಇದು ಹೊಸದಲ್ಲ. ರಿವೆಟ್ಟಿನ ತಲೆ ಹಾರಿಹೋಗುತ್ತದೆ. ಚಾಲಕನಿಗೆ ಹಿಂದಿನಿಂದ ಕಟಕಟ ಸದ್ದು ಕೇಳುತ್ತದೆ. ಮರುದಿನ ಬಾಡಿಗೆ ಒಪ್ಪಿಕೊಂಡಾಗಿದೆ. ಹತ್ತಿರದ ಗ್ಯಾರೇಜಿನಲ್ಲಿ ಬ್ರಾಕೆಟ್ಟಿನ ಸುತ್ತ ಅರ್ಧ ಗಂಟೆಯಲ್ಲಿ ವೆಲ್ಡಿಂಗ್ ಹೊಡೆದು, ಕಪ್ಪು ಬಣ್ಣ ಬಳಿದು ಕಳಿಸುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ವೆಲ್ಡಿಂಗಿನ ಅಂಚು ತುಕ್ಕು ಹಿಡಿಯುತ್ತದೆ. ಅದರ ಮೇಲೊಂದು ಪಟ್ಟಿ ಬರುತ್ತದೆ. ಆ ಪಟ್ಟಿಯ ಮೇಲೆ ಮತ್ತೊಂದು. ಕಡೆಗೆ ಬ್ರಾಕೆಟ್ ಯಾವುದು, ಚಾಸಿ ಯಾವುದು, ತೇಪೆ ಯಾವುದು ಎಂದು ಗುರುತಿಸಲು ಬಾರದ ಒಂದು ಗಂಟು ಉಳಿಯುತ್ತದೆ. ಹೊರಗೆ ದಪ್ಪ, ಒಳಗೆ ಪೊಳ್ಳು.

ತುಕ್ಕಿನ ಮೇಲೆ ವೆಲ್ಡಿಂಗ್ ಹಿಡಿಯುವುದಿಲ್ಲ ಎಂಬುದು ವೆಲ್ಡರುಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ತುಕ್ಕು ತನ್ನಲ್ಲಿ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆರ್ಕಿನ ಶಾಖಕ್ಕೆ ಆ ನೀರು ಒಡೆದು ಬಂದ ಅನಿಲಗಳು ಕರಗಿದ ಲೋಹದಲ್ಲಿ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತವೆ. ಹೈಡ್ರೋಜನ್ ಬಿಸಿ ಉಕ್ಕಿನೊಳಗೆ ನುಗ್ಗುತ್ತದೆ. ಅದರಿಂದಾಗುವ ಬಿರುಕು ಕೆಲಸ ಮುಗಿದ ಕೂಡಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ಗಂಟೆಗಳು, ಒಮ್ಮೊಮ್ಮೆ ದಿನಗಳು ಕಳೆದ ಮೇಲೆ ಹುಟ್ಟುತ್ತದೆ. ವೆಲ್ಡಿಂಗ್ ರಾಡಿನ ಕಥೆಯೂ ಇದೇ. ಬಲದ ಕೆಲಸಕ್ಕೆ ಹೇಳಿಮಾಡಿಸಿದ 7018 ಎಂಬ ಕಡಿಮೆ ಹೈಡ್ರೋಜನ್ನಿನ ರಾಡನ್ನು ಒಣಗಿದ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು. ತೇವ ಹೀರಿದ್ದರೆ ಕುಲುಮೆಯಲ್ಲಿ ಕಾಯಿಸಿ ಬಳಸಬೇಕು. ಹಪ್ಪಳವೂ ಡಬ್ಬದಲ್ಲಿ ಮೆತ್ತಗಾಗುವ ಮಲೆನಾಡಿನ ಆಷಾಢದಲ್ಲಿ, ಬಾಯಿ ತೆರೆದ ಕಟ್ಟಿನಲ್ಲಿ ವಾರಗಟ್ಟಲೆ ಗೋಡೆಯ ಗೂಡಿನಲ್ಲಿದ್ದ ರಾಡು ಹೇಗಿದ್ದೀತು? ವಿಷಾದದ ಸಂಗತಿಯೆಂದರೆ, ಒಮ್ಮೆ ಬಣ್ಣ ಬಳಿದ ಮೇಲೆ ಒಳ್ಳೆಯ ವೆಲ್ಡಿಂಗಿಗೂ ಕೆಟ್ಟದ್ದಕ್ಕೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಲಾರಿ ಹೊರಡುತ್ತದೆ, ಸದ್ದು ನಿಂತಿರುತ್ತದೆ, ಎಲ್ಲರಿಗೂ ಸಮಾಧಾನ.

ಈ ಸಮಾಧಾನದ ಬೆಲೆಯನ್ನು ತೆರುವವರು ಯಾರು? ಲಾರಿಯ ಮಾಲೀಕ ಸಾಮಾನ್ಯವಾಗಿ ಅದರಲ್ಲಿ ಕೂತಿರುವುದಿಲ್ಲ. ಗೊಬ್ಬರದ ಚೀಲಗಳ ಮೇಲೆ, ಸೌದೆಯ ಮೇಲೆ, ಅಡಿಕೆ ಗೊನೆಗಳ ಮೇಲೆ ಕೂತು ಹೋಗುವವರು ಕೂಲಿಯಾಳುಗಳು. ಸರಕಿನ ವಾಹನದಲ್ಲಿ ಜನರನ್ನು ಒಯ್ಯಬಾರದೆಂಬ ನಿಯಮವೇನೋ ಇದೆ; ಬಸ್ಸಿಲ್ಲದ ಊರುಗಳಲ್ಲಿ ಆ ನಿಯಮ ಕಾಗದದಲ್ಲಿದೆ. ಮಿತವ್ಯಯವೆಂದು, ಹಳೆಯದನ್ನು ಬಾಳಿಸಿದ ಜಾಣತನವೆಂದು ಹೊಗಳಿಸಿಕೊಳ್ಳುವ ತೇಪೆಯ ಮೇಲೆ ತೂಗುತ್ತಿರುವುದು ಅವರ ಜೀವ. ಇದನ್ನು ದುರಸ್ತಿಯೆಂದು ಕರೆಯುವುದು ಆ ಪದಕ್ಕೆ ಮಾಡುವ ಅಪಚಾರ.

ನಿಜವಾದ ದುರಸ್ತಿ ಸಾಧ್ಯವಿಲ್ಲವೆಂದಲ್ಲ. ಅದಕ್ಕೆ ಬೇಕಾದದ್ದು ಹೆಚ್ಚಾಗಿ ಸಮಯ, ಮತ್ತು ತೇಪೆಗಳನ್ನೆಲ್ಲ ಬಿಚ್ಚಿ ನೋಡುವ ಧೈರ್ಯ. ಮೊದಲ ಕೆಲಸ ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಇಟ್ಟು, ಚಾಸಿಯನ್ನು ಎತ್ತಿ ಪಾಟಾದ ಮೇಲಿನ ಭಾರವನ್ನು ಇಳಿಸುವುದು. ಎತ್ತಿದ ಚಾಸಿ ಜಾಕಿನ ಮೇಲೆಯೇ ನಿಂತಿರಬಾರದು; ಅದಕ್ಕೆ ಉಕ್ಕಿನ ಸ್ಟ್ಯಾಂಡ್ ಅಥವಾ ಮತ್ತಿಯಂಥ ಗಟ್ಟಿಮರದ ದಪ್ಪ ದಿಮ್ಮಿಗಳ ಆಸರೆ ಬೇಕು. ಕೈಗೆ ಸುಲಭವಾಗಿ ಸಿಗುತ್ತದೆಂದು ಚಿರೆಕಲ್ಲನ್ನು ಒಟ್ಟುವ ಅಭ್ಯಾಸ ಎಲ್ಲೆಡೆ ಇದೆ. ಗೋಡೆಯಲ್ಲಿ ಸಾಲಾಗಿ ಕೂತ ಚಿರೆಕಲ್ಲು ನೂರು ವರ್ಷ ಬಾಳೀತು. ಒಂದೇ ಮೂಲೆಯ ಮೇಲೆ ಲಾರಿಯ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಅಡಿಯಲ್ಲಿ ಮಲಗಿದವನಿಗೆ ಉರುಳಿ ಹೊರಬರಲು ವೇಳೆ ಇರುವುದಿಲ್ಲ. ಬ್ಯಾಟರಿಯ ತಂತಿಗಳನ್ನು ಬಿಚ್ಚಬೇಕು. ಡೀಸೆಲ್ ಪೈಪು, ಬ್ರೇಕ್ ಪೈಪು, ವೈರುಗಳನ್ನು ಕಿಡಿ ತಾಗದಷ್ಟು ದೂರ ಸರಿಸಬೇಕು. ಪಕ್ಕದಲ್ಲಿ ಮರಳಿನ ಬಕೆಟ್ ಇರಬೇಕು.

ಆಮೇಲೆ ಮಣ್ಣು ತೆಗೆಯುವ ಕೆಲಸ. ಬ್ರಾಕೆಟ್ಟಿನ ಹಿಂದೆ, ಚಾಸಿಯ ಚಾನೆಲ್ಲಿನ ಒಳಗೆ ವರ್ಷಗಳ ಮಣ್ಣು ಹೆಪ್ಪುಗಟ್ಟಿರುತ್ತದೆ. ಅದನ್ನು ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಖಣಿಲ್ ಎನ್ನುತ್ತದೆ. ತುಕ್ಕು ತಿಂದದ್ದು ಮಡಕೆ ಒಡೆದಂತೆ ಮಂಕಾಗಿ ನುಡಿಯುತ್ತದೆ. ಚೂಪಾದ ಚಾಣ ಒಳಗೆ ಇಳಿದರೆ ಸಂದೇಹವೇ ಉಳಿಯುವುದಿಲ್ಲ. ಈ ಪರೀಕ್ಷೆ ಬ್ರಾಕೆಟ್ಟಿಗೆ ಮಾತ್ರ ಸೀಮಿತವಾದರೆ ಸಾಲದು. ಅದರ ಸುತ್ತಲಿನ ಚಾಸಿ ಎಲ್ಲಿಯವರೆಗೆ ಗಟ್ಟಿಯಿದೆ ಎಂಬುದೇ ಮುಖ್ಯ ಪ್ರಶ್ನೆ. ಉತ್ತರ ನಿರಾಶೆಯದಾದರೆ, ಅಂದರೆ ಚಾಸಿಯ ಮೇಲಿನ ಕೆಳಗಿನ ಮಡಿಕೆಗಳೇ ಪದರು ಪದರಾಗಿ ಎದ್ದಿದ್ದರೆ, ಅಲ್ಲಿಗೆ ನಿಲ್ಲಿಸಬೇಕು. ಆ ಲಾರಿಯ ಕಾಲ ಮುಗಿದಿದೆ. ಅದನ್ನು ಒಪ್ಪಿಕೊಳ್ಳುವುದೂ ದುರಸ್ತಿಯ ವಿದ್ಯೆಯ ಒಂದು ಭಾಗ.

ಚಾಸಿ ಗಟ್ಟಿಯಿದ್ದರೆ ಹಳೆಯ ವೆಲ್ಡಿಂಗನ್ನು ಗ್ರೈಂಡರಿನಿಂದ ತೆಗೆಯಬೇಕು. ಗ್ಯಾಸ್ ಕಟ್ಟರ್ ಬೇಗ ಮುಗಿಸುತ್ತದೆ, ನಿಜ. ಜೊತೆಗೆ ಚಾಸಿಯನ್ನೂ ಕಚ್ಚುತ್ತದೆ, ಅನವಶ್ಯಕ ಜಾಗವನ್ನೂ ಕಾಯಿಸುತ್ತದೆ. ಗ್ರೈಂಡರ್ ಹಿಡಿದವನು ವೆಲ್ಡಿಂಗಿನ ಉಬ್ಬನ್ನಷ್ಟೇ ತಿನ್ನಿಸಿ, ಚಾಸಿಯ ಮೂಲ ಮಟ್ಟ ಬಂದ ಕೂಡಲೇ ಕೈ ಎತ್ತಬೇಕು. ಬ್ರಾಕೆಟ್ ಕಳಚಿದ ಮೇಲೆ ಬಿರುಕುಗಳನ್ನು ಹುಡುಕಬೇಕು. ಕೆಂಪು ಬಣ್ಣದ ದ್ರವವನ್ನು ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿಯನ್ನು ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಡೈ ಪೆನೆಟ್ರೆಂಟ್ ಎನ್ನುವ ಈ ಡಬ್ಬಗಳಿಗೆ ದೊಡ್ಡ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಆದರೂ ಹಳ್ಳಿಯ ಗ್ಯಾರೇಜುಗಳಿಗೆ ಇದು ತಲುಪಿದ್ದು ಅಪರೂಪ. ಬಿರುಕು ಸಿಕ್ಕರೆ ಅದರ ತುದಿಗೆ ಸಣ್ಣ ತೂತು ಕೊರೆದು ಮುಂದುವರಿಯದಂತೆ ತಡೆದು, ನಂತರವೇ ಬೆಸೆಯುವ ಮಾತು.

ತೆಳುವಾದ ಚಾಸಿಗೆ ಒಳಗಿನಿಂದ ಆಧಾರದ ಪಟ್ಟಿ ಕೊಡುವುದಿದ್ದರೆ ಅದರ ತುದಿಗಳು ನೆಟ್ಟಗೆ ಕತ್ತರಿಸಿದಂತಿರಬಾರದು, ಓರೆಯಾಗಿ ಇಳಿದಿರಬೇಕು. ನೆಟ್ಟಗಿನ ತುದಿಯಲ್ಲಿ ಬಲ ಒಮ್ಮೆಗೇ ಬದಲಾಗುವುದರಿಂದ ಚಾಸಿ ಅದೇ ಗೆರೆಯಲ್ಲಿ ಮುರಿಯುತ್ತದೆ. ಪಟ್ಟಿ ಚಾಸಿಗಿಂತ ವಿಪರೀತ ದಪ್ಪವಿದ್ದರೂ ತೊಂದರೆ ಅದೇ. ಚಾನೆಲ್ಲಿನ ನೆಟ್ಟಗಿನ ಗೋಡೆಯಲ್ಲಿ ಕೆಲಸ ಮಾಡಬಹುದು. ಮೇಲಿನ ಕೆಳಗಿನ ಮಡಿಕೆಗಳ ಅಂಚಿಗೆ ಅಡ್ಡಲಾಗಿ ವೆಲ್ಡಿಂಗ್ ಎಳೆಯಬಾರದು, ತೂತು ಕೊರೆಯಬಾರದು. ಲಾರಿ ತಯಾರಕರು ಚಾಸಿಯ ಮಡಿಕೆಗಳಿಗೆ ವೆಲ್ಡಿಂಗ್ ಬೇಡವೆಂದು ಎಚ್ಚರಿಸುವುದು ಇದೇ ಕಾರಣಕ್ಕೆ. ಪಾಟಾಕ್ಕಂತೂ ವೆಲ್ಡಿಂಗಿನ ಒಂದು ಕಿಡಿಯೂ ತಾಗದಂತೆ ಒದ್ದೆ ಗೋಣಿ ಹೊದಿಸಬೇಕು. ಅದು ಹದ ಹಾಕಿದ ಸ್ಪ್ರಿಂಗ್ ಉಕ್ಕು; ಒಂದು ಚುಕ್ಕೆಯಷ್ಟು ಜಾಗ ಸುಟ್ಟರೂ ಅಲ್ಲಿ ಗಾಜಿನಂತೆ ಪೆಡಸಾಗುತ್ತದೆ. ತುಂಡಾದ ಪಾಟಾವನ್ನು ವೆಲ್ಡ್ ಮಾಡಿ ಹಾಕುವವರಿದ್ದಾರೆ. ಅವರ ಲಾರಿಯ ಹಿಂದೆ ಹೋಗುವವರು ಅಂತರ ಕಾಯ್ದುಕೊಳ್ಳುವುದು ಲೇಸು.

ಹೊಸ ಬ್ರಾಕೆಟ್ ಸಿಗದಿದ್ದರೆ ಗುಜರಿಯದೂ ಆದೀತು, ಬಿರುಕಿನ ಪರೀಕ್ಷೆಯಲ್ಲಿ ಪಾಸಾಗಿದ್ದರೆ. ಬಯಲುಸೀಮೆಯಲ್ಲಿ ಓಡಿದ ವಾಹನದ್ದಾದರೆ ಇನ್ನೂ ಒಳ್ಳೆಯದು. ಅಲ್ಲಿಯ ಒಣ ಹವೆ ಕಬ್ಬಿಣಕ್ಕೆ ದಯಾಳು. ಅದನ್ನು ಮೂಲ ರೀತಿಯಲ್ಲೇ, ಅಂದರೆ ರಿವೆಟ್ ಇದ್ದ ತೂತುಗಳನ್ನು ನಯಗೊಳಿಸಿ ಬಿಗಿಯಾಗಿ ಹೊಂದುವ ಬೋಲ್ಟ್ ಹಾಕಿ ಕೂಡಿಸುವುದು ಕ್ಷೇಮ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಇರಬೇಕು. ಬೇಲಿಯ ಗೇಟಿಗೆ ಹಾಕುವ ಬೋಲ್ಟ್ ಇಲ್ಲಿಗಲ್ಲ. ಕೂಡಿಸುವ ಮುನ್ನ ಎರಡೂ ಮುಖಗಳಿಗೆ ಸತುವಿನ ಪ್ರೈಮರ್ ಹಚ್ಚಿದರೆ ಹಳೆಯ ಸಂದಿಯ ಕಥೆ ಮರುಕಳಿಸುವುದು ತಡವಾಗುತ್ತದೆ. ಇನ್ನೊಂದು ಬದಿಯ ಬ್ರಾಕೆಟ್ಟಿನ ಜೊತೆ ಅಳತೆ ತಾಳೆಯಾಗಬೇಕು, ಮೂಲೆಯಿಂದ ಮೂಲೆಗೆ ಅಡ್ಡ ಅಳತೆಯೂ ಸೇರಿ. ಸ್ವಲ್ಪ ಸರಿದರೂ ಆಕ್ಸಲ್ ಓರೆಯಾಗಿ ಲಾರಿ ಒಂದು ಬದಿಗೆ ಎಳೆಯುತ್ತದೆ, ಟೈರು ಸವೆಯುತ್ತದೆ. ಬಿಚ್ಚಿದ ಯು-ಬೋಲ್ಟುಗಳನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಿ, ಒಂದಷ್ಟು ದೂರ ಭಾರ ಹೊತ್ತು ಓಡಿಸಿದ ಬಳಿಕ ಪುನಃ ಬಿಗಿಗೊಳಿಸಬೇಕು. ರಬ್ಬರ್ ಬುಷ್ ಇರುವ ವಾಹನದಲ್ಲಿ ಪಾಟಾದ ಪಿನ್ನನ್ನು ಕಡೆಯ ಬಿಗಿ ಬಿಗಿಯಬೇಕಾದ್ದು ಚಕ್ರಗಳು ನೆಲಕ್ಕೆ ಇಳಿದ ಮೇಲೆ; ತೂಗುತ್ತಿರುವಾಗಲೇ ಬಿಗಿದರೆ ಬುಷ್ ಬೇಗ ಹರಿಯುತ್ತದೆ. ಕಾರ್ಖಾನೆಯಲ್ಲೇ ವೆಲ್ಡ್ ಮಾಡಿದ ಬ್ರಾಕೆಟ್ಟಿನ ಸಣ್ಣ ವಾಹನಗಳಿಗೆ ವೆಲ್ಡಿಂಗ್ ಅನಿವಾರ್ಯವಾದೀತು. ಆಗಲೂ ಉಕ್ಕು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದ ಜಾಗದಲ್ಲಿ, ಒಣ ರಾಡಿನಿಂದ, ಪಳಗಿದ ಕೈಯಿಂದಲೇ ಆಗಬೇಕು.

ದುರಸ್ತಿಗೂ ಅದರದೇ ಆದ ಮಾಲಿನ್ಯವಿದೆಯೆಂಬುದನ್ನು ಪರಿಸರವಾದಿಗಳು ಮರೆಯಬಾರದು. ಮಳೆಗಾಲಕ್ಕೆ ಮೊದಲು ಸುಟ್ಟ ಎಂಜಿನ್ ಆಯಿಲನ್ನು ಡೀಸೆಲ್ಲಿಗೆ ಬೆರೆಸಿ ಅಡಿಭಾಗಕ್ಕೆ ಸಿಂಪಡಿಸುವುದು ಮಲೆನಾಡಿನ ಹಳೆಯ ಪದ್ಧತಿ. ತುಕ್ಕು ಸ್ವಲ್ಪ ತಡೆಯುತ್ತದೆಂಬುದು ಸುಳ್ಳಲ್ಲ. ಆದರೆ ಮೊದಲ ಹದ ಮಳೆಗೆ ಅದರ ಬಹುಭಾಗ ರಸ್ತೆಗೆ, ಅಲ್ಲಿಂದ ಚರಂಡಿಗೆ, ಹಳ್ಳಕ್ಕೆ. 2016ರ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ. ಹಳ್ಳದಲ್ಲಿ ಲಾರಿ ನಿಲ್ಲಿಸಿ ತೊಳೆಯುವುದೂ ಇದೇ ಜಾತಿಯದು: ಚಾಸಿಯ ಮೈಲುತುತ್ತ ಮೀನಿಗೆ ವಿಷ. ತೊಳೆಯಬೇಕಾದ್ದು ಅಂಗಳದ ಬದಿಯಲ್ಲಿ, ನೀರು ಮಣ್ಣಿನಲ್ಲಿ ಇಂಗುವ ಕಡೆ, ಬಾವಿಯಿಂದ ದೂರ. ಆಯಿಲಿನ ಬದಲು ಪ್ರೈಮರ್, ಬಣ್ಣ, ಸಂದಿಗಳಿಗೆ ಮೇಣದ ಲೇಪ ಹೆಚ್ಚು ದಿನ ನಿಲ್ಲುತ್ತವೆ. ವೆಲ್ಡಿಂಗಿನ ಹೊಗೆಯನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಸತುವಿನ ಲೇಪವನ್ನು ಉಜ್ಜದೆ ಬೆಸೆದವನಿಗೆ ಆ ರಾತ್ರಿ ಚಳಿಜ್ವರ ಬರುತ್ತದೆ. ಲಾರಿಯ ಅಡಿಯ ಇಕ್ಕಟ್ಟಿನಲ್ಲಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ತಂಪು ಕನ್ನಡಕ ಹಾಕಿ ಬೆಸೆಯುವ ಹುಡುಗರ ಕಣ್ಣು, ಶ್ವಾಸಕೋಶಗಳು ಯಾವ ಪರಿಸರದ ಲೆಕ್ಕಕ್ಕೂ ಸೇರಿಲ್ಲ.

ಇಷ್ಟೆಲ್ಲ ತಾಪತ್ರಯವೇಕೆ, ಹಳೆಯದನ್ನು ಗುಜರಿಗೆ ಹಾಕಿ ಹೊಸದು ಕೊಂಡರಾಗದೆ ಎಂಬ ವಾದ 2021ರಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ನೀತಿಯನ್ನು ಪ್ರಕಟಿಸಿದಂದಿನಿಂದ ಬಲಗೊಂಡಿದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಈ ವಾದದಲ್ಲಿ ತಿರುಳಿಲ್ಲವೆಂದು ತಳ್ಳಿಹಾಕುವುದು ಪ್ರಾಮಾಣಿಕವಲ್ಲ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ಎಂಜಿನ್ನಿಗಿಂತ ಹಳೆಯ ಎಂಜಿನ್ ಬಹಳ ಹೆಚ್ಚು ಹೊಗೆ, ಮಸಿ ಉಗುಳುತ್ತದೆ. ದಿನಕ್ಕೆ ನೂರಾರು ಕಿಲೋಮೀಟರ್ ಓಡುವ ಲಾರಿಯ ವಿಷಯದಲ್ಲಿ ಇದೇ ನಿರ್ಣಾಯಕ. ಆದರೆ ತೋಟಕ್ಕೂ ಪೇಟೆಗೂ ನಡುವೆ ವಾರಕ್ಕೆ ಒಂದೆರಡು ಸಲ ಓಡುವ, ಕೊಯ್ಲಿನ ಎರಡು ಮೂರು ತಿಂಗಳು ಬಿಟ್ಟರೆ ಕೊಟ್ಟಿಗೆಯ ಪಕ್ಕ ನಿಂತೇ ಇರುವ ಲಾರಿಗೆ ಲೆಕ್ಕ ಬೇರೆ. ಭಾರತದಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಉಕ್ಕಿನ ಅದಿರು ಎಲ್ಲಿಂದಲೋ ಬರುವುದಲ್ಲ, ಬೆಟ್ಟಗಳಿಂದ ಬರುತ್ತದೆ. ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಲು 2011ರಲ್ಲಿ ಸುಪ್ರೀಂ ಕೋರ್ಟೇ ಮಧ್ಯೆ ಬರಬೇಕಾಯಿತು. ಭದ್ರೆಯ ಮಡಿಲಿನ ಕುದುರೆಮುಖದಲ್ಲಿ 2002ರ ಆದೇಶದ ಮೇರೆಗೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿದ ಗಣಿಯ ಹೂಳು ಹೋಗಲು ಜಾಗವಿಲ್ಲದೆ ಅಲ್ಲೇ ಕೂತಿದೆ. ಗುಜರಿಗೆ ಹೋದ ಉಕ್ಕು ಕರಗಿ ಮತ್ತೆ ಬಳಕೆಗೆ ಬರುತ್ತದೆ, ಅಷ್ಟರಮಟ್ಟಿಗೆ ಸಮಾಧಾನ. ತುಕ್ಕಾಗಿ ಉದುರಿದ್ದು ಬಳಕೆಗೆ ಬರುವುದಿಲ್ಲ.

ಆದ್ದರಿಂದ ವಾಹನದ ವಯಸ್ಸನ್ನು ಕೇಳುವ ಬದಲು ಅದರ ಅಡಿಭಾಗವನ್ನು ನೋಡುವುದು ವಿವೇಕ. ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕೆಂದು ನಿಯಮವಿದೆ. ಆ ತಪಾಸಣೆ ಹೊಗೆ, ದೀಪ, ಬಣ್ಣಗಳಿಗೆ ಮುಗಿಯದೆ ಬ್ರಾಕೆಟ್ಟಿನವರೆಗೆ ತಲುಪಿದರೆ, ತೇಪೆಗಳ ಗಂಟು ಹೊತ್ತ ಲಾರಿ ಹತ್ತು ವರ್ಷದ್ದಾದರೂ ನಿಲ್ಲಬೇಕಾದೀತು. ಚಾಸಿ ಗಟ್ಟಿಯಿರುವುದು ಇಪ್ಪತ್ತೈದು ವರ್ಷದ್ದಾದರೂ ಓಡೀತು. ಅಮೆರಿಕದ ಒಂದು ಉದಾಹರಣೆ ಇಲ್ಲಿ ಪ್ರಸ್ತುತ. ಅಲ್ಲಿ ಟೊಯೋಟ ಕಂಪನಿಯ ಟಕೋಮ, ಟಂಡ್ರ ಪಿಕಪ್‌ಗಳ ಚಾಸಿ ಅಕಾಲದಲ್ಲಿ ತುಕ್ಕು ಹಿಡಿದ ದಾವೆಯಲ್ಲಿ 2016ರಲ್ಲಿ ರಾಜಿಯಾಯಿತು. ಸುಮಾರು ಹದಿನೈದು ಲಕ್ಷ ವಾಹನಗಳ ಚಾಸಿಗಳನ್ನು ಪರೀಕ್ಷಿಸಿ, ಕೆಟ್ಟವಕ್ಕೆ ಬೇರೆ ಚಾಸಿಯನ್ನೇ ಹಾಕಿಕೊಡಲು ಕಂಪನಿ ಒಪ್ಪಿತು. ಕೊಂಡವರು ಒಗ್ಗಟ್ಟಾಗಿ ಕೇಳಿದ್ದರಿಂದ ದುರಸ್ತಿ ಅಲ್ಲಿ ತಯಾರಕರ ಹೊಣೆಯಾಯಿತು. ಭಾರತದಲ್ಲೂ 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿ, ಕೃಷಿ ಯಂತ್ರಗಳನ್ನೂ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಚಾಸಿಯ ಯಾವ ಜಾಗದಲ್ಲಿ ಬೆಸೆಯಬಹುದು, ಎಲ್ಲಿ ಕೂಡದು, ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬ ಪುಟಗಳು ಕನ್ನಡದಲ್ಲಿ ಹಳ್ಳಿಯ ಗ್ಯಾರೇಜಿನ ಗೋಡೆಯ ಮೇಲೆ ಅಂಟುವವರೆಗೆ ಆ ಹಕ್ಕು ನಗರದ ಸೊತ್ತಾಗಿಯೇ ಉಳಿಯುತ್ತದೆ.

ಮಲೆನಾಡಿನ ಸಹಕಾರಿ ಸಂಘಗಳು ಮೈಲುತುತ್ತ, ಗೊಬ್ಬರ, ಸಿಂಪಡಣೆಯ ಪಂಪು ಎಲ್ಲವನ್ನೂ ಸದಸ್ಯರಿಗೆ ಒದಗಿಸುತ್ತವೆ. ರಾಡು ಒಣಗಿಸುವ ಒಂದು ಪೆಟ್ಟಿಗೆ, ಬಿರುಕು ಹುಡುಕುವ ನಾಲ್ಕು ಡಬ್ಬ, ಎರಡು ಜೊತೆ ಉಕ್ಕಿನ ಸ್ಟ್ಯಾಂಡು, ವೆಲ್ಡರುಗಳಿಗೆ ಒಳ್ಳೆಯ ಮುಖಗವಸು ಇವುಗಳನ್ನೂ ಇಟ್ಟುಕೊಂಡು ಊರಿನ ಗ್ಯಾರೇಜುಗಳಿಗೆ ಎರವಲು ಕೊಡುವುದು ಅವುಗಳ ಶಕ್ತಿಗೆ ಮೀರಿದ್ದಲ್ಲ. ಹತ್ತಿರದ ಐಟಿಐಯ ಬೋಧಕರನ್ನು ಕರೆಸಿ ಬೇಸಿಗೆಯಲ್ಲಿ ಎರಡು ದಿನ ಕಲಿಸಿದರೆ ಕಲಿಯುವ ಕೈಗಳು ಇಲ್ಲೇ ಇವೆ. ಗುಡ್ಡದ ಊರುಗಳ ಗ್ಯಾರೇಜಿನವರು ಕೆಲಸ ಬಾರದವರಲ್ಲ. ಬಾಡಿಗೆ ತಪ್ಪುತ್ತದೆ, ಸಂಜೆಯೊಳಗೆ ಗಾಡಿ ಬೇಕು ಎನ್ನುವ ಮಾಲೀಕರ ಅವಸರಕ್ಕೆ ಸೋತವರು. ಎರಡು ದಿನದ ಕೆಲಸಕ್ಕೆ ಎರಡು ದಿನದ ಕೂಲಿ ಕೊಡಲು ಮಾಲೀಕರು ಒಪ್ಪಿದ ದಿನ ಅರ್ಧ ಗಂಟೆಯ ತೇಪೆ ತಾನಾಗಿ ಕಡಿಮೆಯಾದೀತು.

ಇದಕ್ಕೆಲ್ಲ ತಕ್ಕ ಕಾಲ ಮೇ ತಿಂಗಳು. ಕೊಯ್ಲಿನ ಸಾಗಾಟ ಮುಗಿದಿರುತ್ತದೆ, ಮೊದಲ ಸಿಂಪಡಣೆಗೆ ಇನ್ನೂ ಕೆಲವು ದಿನಗಳಿರುತ್ತವೆ, ಬಿಸಿಲಿಗೆ ಬಣ್ಣ ಚೆನ್ನಾಗಿ ಒಣಗುತ್ತದೆ. ಬಾಡಿಯ ಹಲಗೆ ಎಬ್ಬಿಸಿ ಅಡಿಗಿನ ಗೊಬ್ಬರವನ್ನು ಗುಡಿಸಿ, ನಾಲ್ಕೂ ಮೂಲೆಯ ಬ್ರಾಕೆಟ್ಟುಗಳನ್ನು ಉಜ್ಜಿ ತಟ್ಟಿ ನೋಡಲು ಅರ್ಧ ದಿನ ಸಾಕು. ಮೈಲುತುತ್ತದ ಚೀಲಗಳ ಕೆಳಗೆ ಹಾಸಲು ಹಳೆಯ ಟಾರ್ಪಾಲು ಪ್ರತಿ ಮನೆಯ ಅಟ್ಟದ ಮೇಲೂ ಇರುತ್ತದೆ.